ಹೊಟ್ಟೆ ಇಳಿಯಬೇಕು, ರಟ್ಟೆ ಬಲಿಯಬೇಕು



ನಮ್ಮ ಸುತ್ತಮುತ್ತ ದಿನಾ ಕಾಣುವ ಒಂದು ಮೈಕಟ್ಟಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಭದ್ರಾವತಿಯ ನ್ಯೂಟೌನಿನ ರಸ್ತೆಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೊರಡುವವರಲ್ಲಿ, ಹೊಸಮನೆ, ಜನ್ನಾಪುರದ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತವರಲ್ಲಿ, ಶಿವಮೊಗ್ಗದ ಕಚೇರಿಗಳಿಗೆ ಬಸ್ಸಿನಲ್ಲಿ ಹೋಗಿ ಬರುವ ನೌಕರರಲ್ಲಿ ಅದು ಎದ್ದು ಕಾಣುತ್ತದೆ. ತೋಳು ಸಣ್ಣ, ತೊಡೆ ಸಣ್ಣ, ಭುಜ ಇಳಿಬಿದ್ದಿದೆ. ಬೆಲ್ಟಿನ ಮೇಲೆ ಹೊಟ್ಟೆ ಮಾತ್ರ ಮುಂದಕ್ಕೆ ಬಂದಿದೆ. ತೂಕ ನೋಡಿದರೆ 62, 65 ಕೆಜಿ. ಎತ್ತರಕ್ಕೆ ತಕ್ಕ ತೂಕವೇ. ಹಾಗಾಗಿ ಅವರಿಗೂ ಚಿಂತೆಯಿಲ್ಲ, ಮನೆಯವರಿಗೂ ಚಿಂತೆಯಿಲ್ಲ. ಹೆಂಗಸರಲ್ಲಿ ಇದೇ ಮೈಕಟ್ಟು ಎರಡನೇ ಹೆರಿಗೆಯ ನಂತರವೋ, ಮುಟ್ಟು ನಿಲ್ಲುವ ವಯಸ್ಸಿನಲ್ಲೋ ಕಾಣಿಸಿಕೊಳ್ಳುತ್ತದೆ.

ಸಣ್ಣ ತೋಳು ಒಂದು ತೊಂದರೆ, ದಪ್ಪ ಹೊಟ್ಟೆ ಇನ್ನೊಂದು ತೊಂದರೆ ಎಂದು ನಾವು ತಿಳಿಯುತ್ತೇವೆ. ಹೊಟ್ಟೆಗೆಂದು ಊಟ ಬಿಡುತ್ತೇವೆ. ತೋಳಿಗೆಂದು ಏನೂ ಮಾಡುವುದಿಲ್ಲ, ಅದು ಹುಡುಗರ ಹುಚ್ಚು ಎಂದು ಬಿಟ್ಟುಬಿಡುತ್ತೇವೆ. ಎರಡೂ ಒಂದೇ ತೊಂದರೆ, ಎರಡಕ್ಕೂ ಮದ್ದು ಒಂದೇ ಎಂಬುದು ನನ್ನ ದೃಢವಾದ ನಂಬಿಕೆ. ಸಂಜೆ ಹೊತ್ತು ದೊಡ್ಡವರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಮಾಡುತ್ತಾ ಬಂದವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಈ ಮೈಕಟ್ಟಿನ ಬೇರು ಎಷ್ಟು ಆಳದಲ್ಲಿದೆ ಎಂಬುದನ್ನು ತೋರಿಸಿಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವುದು, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದಿತ್ತು. ಆ ಹಳೆಯ ಪುಸ್ತಕಗಳ ಆಧಾರದ ಮೇಲೆ ಸಂಶೋಧಕರು ಅಲ್ಲಿ ಹುಟ್ಟಿದವರನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಎಂಬ ಹೆಸರಿನಲ್ಲಿ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಹೊಸದಾಗಿ ಅಳೆಯತೊಡಗಿದರು. ನಮ್ಮ ಮಕ್ಕಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಕಡಿಮೆ, ತೋಳಿನ ಮಾಂಸಖಂಡವೂ ಕಡಿಮೆ. ಆದರೆ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗೆ ಚರ್ಮವನ್ನು ಚಿವುಟಿ ಅಳೆದಾಗ ಸಿಕ್ಕ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ. ಎಂದರೆ ಹುಟ್ಟುವಾಗಲೇ ನಾವು ಮಾಂಸದಲ್ಲಿ ಬಡವರು, ಕೊಬ್ಬಿನಲ್ಲಿ ಅಷ್ಟು ಬಡವರಲ್ಲ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ತಮ್ಮದೇ ಚಿತ್ರವನ್ನು ಅಚ್ಚು ಹಾಕಿಸಿದರು. ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ ಒಂದೇ, 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ನಮ್ಮ ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ತೂಕದ ಮಷಿನ್ನು ಒಂದೇ ಎಂದು ಹೇಳಿದ ಇಬ್ಬರು ಮನುಷ್ಯರು ಒಳಗೆ ಇಷ್ಟು ಬೇರೆಯಾಗಿದ್ದರು. ಬಸ್‌ಸ್ಟ್ಯಾಂಡಿನ ಮಷಿನ್ನಿನಲ್ಲಿ ಚೀಟಿ ತೆಗೆದುಕೊಂಡು ಸಮಾಧಾನಪಟ್ಟುಕೊಳ್ಳುವ ಎಲ್ಲರೂ ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕು.

ಹೊಟ್ಟೆಯ ಕೊಬ್ಬಿನಲ್ಲಿ ಎರಡು ಬಗೆ. ಬೆರಳಲ್ಲಿ ಹಿಡಿಯಲು ಸಿಗುವುದು ಚರ್ಮದ ಕೆಳಗಿನದು. ಕೈಗೆ ಸಿಗದೆ ಒಳಗೆ ಕರುಳಿನ ಸುತ್ತ ತುಂಬಿಕೊಂಡು ಹೊಟ್ಟೆಯನ್ನು ಗಟ್ಟಿಯಾಗಿ ಮುಂದೆ ತಳ್ಳುವುದು ಇನ್ನೊಂದು. ಕೆಡುಕು ಹೆಚ್ಚು ಮಾಡುವುದು ಈ ಎರಡನೆಯದು. ಅಲ್ಲಿಂದ ಹೊರಡುವ ಕೊಬ್ಬಿನಾಮ್ಲಗಳು ರಕ್ತನಾಳದ ಮೂಲಕ ಯಕೃತ್ತಿಗೆ ಹೋಗಿ ಸೇರುತ್ತವೆ. ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತದೆ, ಇನ್ಸುಲಿನ್ ಮಾತು ಕೇಳದಂತಾಗುತ್ತದೆ, ಸಕ್ಕರೆ ಏರುತ್ತದೆ. ಇತ್ತ ಮಾಂಸಖಂಡವೋ, ಊಟ ಮಾಡಿದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನು ತುಂಬಿಟ್ಟುಕೊಳ್ಳುವ ದೊಡ್ಡ ಕಣಜ. ಕಣಜ ಚಿಕ್ಕದಾದರೆ ಕಾಳು ಅಂಗಳದಲ್ಲೇ ಚೆಲ್ಲುತ್ತದೆ. ನಮ್ಮಲ್ಲಿ ಕಣಜವೂ ಚಿಕ್ಕದು, ಹೊಟ್ಟೆಯೂ ದೊಡ್ಡದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದ ಎಲ್ಲ ರಾಜ್ಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತ್ತು. ದೊಡ್ಡವರಲ್ಲಿ ಶೇ 39.5 ಜನರಿಗೆ ಹೊಟ್ಟೆಯ ಬೊಜ್ಜು, ಶೇ 11.4 ಜನರಿಗೆ ಸಕ್ಕರೆ ಕಾಯಿಲೆ, ಶೇ 35.5 ಜನರಿಗೆ ರಕ್ತದೊತ್ತಡ. ಅಂದರೆ ಐವರಲ್ಲಿ ಇಬ್ಬರಿಗೆ ಹೊಟ್ಟೆಯ ಬೊಜ್ಜು.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಕಾರಣವೂ ಇದೆ. ಭದ್ರೆಯ ದಂಡೆಯ ಈ ಊರು 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದು. ಆಮೇಲೆ ಕಾಗದ ಕಾರ್ಖಾನೆ ಬಂತು. ಎರಡು ಮೂರು ತಲೆಮಾರಿನ ಗಂಡಸರು ಸೈರನ್ನಿಗೆ ಎದ್ದು, ಸೈಕಲ್ ತುಳಿದು ಶಿಫ್ಟಿಗೆ ಹೋಗಿ, ಎಂಟು ತಾಸು ಎತ್ತಿ, ತಳ್ಳಿ, ಎಳೆದು ಮನೆಗೆ ಬಂದವರು. ಮನೆಯ ಹೆಂಗಸರು ನೀರು ಸೇದಿ, ಒರಳಲ್ಲಿ ರುಬ್ಬಿ, ಒನಕೆ ಹಿಡಿದು ಕುಟ್ಟಿದವರು. ಅವರ ತಟ್ಟೆಯಲ್ಲಿ ಅನ್ನದ ರಾಶಿ ಇದ್ದರೆ ಅದಕ್ಕೆ ತಕ್ಕ ದುಡಿಮೆಯೂ ಇತ್ತು. ಈಗ ಆ ದುಡಿಮೆ ಹೋಗಿದೆ. ಕಾಗದ ಕಾರ್ಖಾನೆಯ ಯಂತ್ರ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯಲ್ಲಿ ಹಿಂದಿನಷ್ಟು ಕೆಲಸಗಾರರಿಲ್ಲ. ಮಕ್ಕಳು ಮೇಜಿನ ಕೆಲಸಕ್ಕೆ ಹೋದರು, ಸೈಕಲ್ಲಿನ ಜಾಗಕ್ಕೆ ಬೈಕು ಬಂತು. ಕೆಲಸ ಬದಲಾಯಿತು, ಅನ್ನದ ಅಳತೆ ಮಾತ್ರ ಅಪ್ಪನ ಕಾಲದ್ದೇ ಉಳಿಯಿತು.

ಹೊಟ್ಟೆ ಬಂದಿದೆ ಎಂದು ಗೊತ್ತಾದ ಮೇಲೆ ನಮ್ಮವರು ಮಾಡುವ ಮೊದಲ ಕೆಲಸ ರಾತ್ರಿ ಊಟ ಬಿಡುವುದು. ಒಬ್ಬರು ಯಜಮಾನರು ನನ್ನ ಬಳಿ ಬಂದು, "ಸಾರ್, ಮೂರು ತಿಂಗಳಿಂದ ರಾತ್ರಿ ಬರೀ ಎರಡು ಬಾಳೆಹಣ್ಣು. ಮುಖ ಇಳೀತು, ಕತ್ತು ಇಳೀತು, ಎಲ್ಲರೂ ಏನು ಕಾಯಿಲೆ ಅಂತ ಕೇಳ್ತಾರೆ. ಹೊಟ್ಟೆ ಮಾತ್ರ ಹಾಗೇ ಇದೆ ನೋಡಿ," ಎಂದು ಅಂಗಿ ಎತ್ತಿ ತೋರಿಸಿದರು. ಅವರ ತೂಕ ನಿಜಕ್ಕೂ ಇಳಿದಿತ್ತು. ಆದರೆ ಇಳಿದದ್ದರಲ್ಲಿ ಒಂದು ಪಾಲು ಮಾಂಸ. ಊಟ ಕಡಿಮೆಯಾದಾಗ ದೇಹ ಕೊಬ್ಬನ್ನೂ ಕರಗಿಸುತ್ತದೆ, ಮಾಂಸವನ್ನೂ ಕರಗಿಸುತ್ತದೆ. ಈ ಮಾಂಸ ಬೇಕು, ಇಟ್ಟುಕೋ ಎಂದು ದೇಹಕ್ಕೆ ತಿಳಿಸುವ ದಾರಿಗಳು ಎರಡೇ: ಆ ಮಾಂಸಕ್ಕೆ ಭಾರದ ಕೆಲಸ ಕೊಡುವುದು, ತಟ್ಟೆಯಲ್ಲಿ ಸಾಕಷ್ಟು ಪ್ರೋಟೀನ್ ಇಡುವುದು. ಎರಡೂ ಇಲ್ಲದ ಉಪವಾಸದಿಂದ ಮನುಷ್ಯ ಅದೇ ಮೈಕಟ್ಟಿನ ಇನ್ನೂ ಸಣ್ಣ ಪ್ರತಿಯಾಗುತ್ತಾನೆ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿದೆ. 40 ಯುವಕರು, ಮೈಯಲ್ಲಿ ಕೊಬ್ಬು ಇದ್ದವರು. ನಾಲ್ಕು ವಾರ ಅವರಿಗೆ ಬೇಕಾದ ಶಕ್ತಿಗಿಂತ ಶೇ 40ರಷ್ಟು ಕಡಿಮೆ ಊಟ, ವಾರಕ್ಕೆ ಆರು ದಿನ ಕಠಿಣ ವ್ಯಾಯಾಮ. ಅರ್ಧ ಜನರಿಗೆ ಮೈತೂಕದ ಪ್ರತಿ ಕೆಜಿಗೆ 1.2 ಗ್ರಾಂ ಪ್ರೋಟೀನ್, ಉಳಿದರ್ಧಕ್ಕೆ 2.4 ಗ್ರಾಂ. ಕಡಿಮೆ ಪ್ರೋಟೀನ್ ತಿಂದವರಲ್ಲಿ 3.5 ಕೆಜಿ ಕೊಬ್ಬು ಇಳಿಯಿತು, ಮಾಂಸ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ಹೆಚ್ಚು ತಿಂದವರಲ್ಲಿ 4.8 ಕೆಜಿ ಕೊಬ್ಬು ಇಳಿದು, 1.2 ಕೆಜಿ ಕೊಬ್ಬಿಲ್ಲದ ಮೈ ಏರಿತು. ಹೊಟ್ಟೆ ಇಳಿಸುವುದೂ ರಟ್ಟೆ ಬೆಳೆಸುವುದೂ ಒಟ್ಟಿಗೆ ಆಗುವುದಿಲ್ಲ ಎನ್ನುತ್ತಿದ್ದವರಿಗೆ ಇದು ಉತ್ತರ. ಅಷ್ಟು ಕಠಿಣವಾದದ್ದನ್ನು ನಾವು ನೀವು ಮನೆಯಲ್ಲಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಹಿಂದೆ ಭಾರ ಎತ್ತದವರಿಗೆ, ಹೊಟ್ಟೆಯಲ್ಲಿ ಕೂಡಿಟ್ಟ ಕೊಬ್ಬು ಇರುವವರಿಗೆ ಸೌಮ್ಯವಾದ ಅಭ್ಯಾಸದಲ್ಲೂ ಈ ಎರಡು ಕೆಲಸ ಜೊತೆಜೊತೆಗೆ ನಡೆಯುತ್ತವೆ. ವೇಗ ಕಡಿಮೆ, ಅಷ್ಟೆ.

ಊಟ ಬಿಡುವುದರ ಜೊತೆಗೆ ನಮ್ಮವರು ನಂಬಿರುವ ಇನ್ನೊಂದು ಉಪಾಯ, ಅಂಗಾತ ಮಲಗಿ ಹೊಟ್ಟೆಯನ್ನು ಮಡಿಸಿ ಏಳುವುದು. ದಿನಕ್ಕೆ ನೂರು, ಇನ್ನೂರು. ಅಮೆರಿಕದಲ್ಲಿ ಆರು ವಾರ ಇದನ್ನೇ ಮಾಡಿಸಿ ಅಳೆದು ನೋಡಿದ್ದಾರೆ; ಹೊಟ್ಟೆಯ ಸ್ನಾಯು ಗಟ್ಟಿಯಾಯಿತು, ಮೇಲಿನ ಕೊಬ್ಬು ಕದಲಲಿಲ್ಲ. ಯಾವ ಜಾಗದ ಕೊಬ್ಬು ಮೊದಲು ಹೋಗಬೇಕೆಂದು ನಿರ್ಧರಿಸುವುದು ದೇಹ, ನಾವಲ್ಲ. ನಡೆಯುವುದು ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಬಹಳ ಒಳ್ಳೆಯದು, ಬಿಡಬೇಡಿ. ಆದರೆ ಬರೀ ನಡೆದರೆ ತೋಳು, ಬೆನ್ನು, ಭುಜ ಬೆಳೆಯುವುದಿಲ್ಲ.

ಭಾರ ಎತ್ತುವುದು ಎಂದ ಕೂಡಲೇ ಕನ್ನಡಿ ಗೋಡೆಯ ಜಿಮ್ಮು, ಜೋರು ಹಾಡು, ಬನಿಯನ್ನಿನ ಹುಡುಗರು ಕಣ್ಣ ಮುಂದೆ ಬರುತ್ತಾರೆ. ಇದು ಹೊರಗಿನಿಂದ ಬಂದ ಹೊಸ ಚಾಳಿ ಎಂದು ಹಿರಿಯರಿಗೆ ಅನ್ನಿಸುತ್ತದೆ. ಹಾಗಲ್ಲ. ಶಿವಮೊಗ್ಗದಲ್ಲಿ ಕೋಟೆ ಮಾರಿಕಾಂಬಾ ಜಾತ್ರೆಯ ಬಯಲು ಕುಸ್ತಿ ನೋಡಿದವರಿಗೆ ಗೊತ್ತು, ಈ ಸೀಮೆಗೆ ಗರಡಿಯ ನಂಟು ಎಷ್ಟು ಹಳೆಯದೆಂದು. ಮಟ್ಟಿಯ ಕೆಂಪು ಮಣ್ಣು, ಗದೆ, ಲೋಡು, ದಂಡ, ಬಸ್ಕಿ; ನಸುಕಿಗೆ ಎದ್ದು ಸಾಮು ಮಾಡುವುದು. ಗರಡಿಯ ದಂಡ ಬಸ್ಕಿಗಳನ್ನು ನಾನು ಈಗಲೂ ಮೊದಲ ಪಾಠವಾಗಿ ಹೇಳಿಕೊಡುತ್ತೇನೆ. ಪೈಲ್ವಾನರ ಬಾದಾಮಿ ಹಾಲು, ತುಪ್ಪದ ಊಟವನ್ನು ಮಾತ್ರ ಅವರಷ್ಟು ಬೆವರು ಹರಿಸದವರು ಅನುಸರಿಸಬಾರದು.

ಗರಡಿಯನ್ನೂ ಹೊಸ ವಿಜ್ಞಾನವನ್ನೂ ಬೆಸೆದ ದೊಡ್ಡ ಮನುಷ್ಯ ಕನ್ನಡಿಗರಲ್ಲೇ ಇದ್ದರು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಎಂದರೆ ಓದುಗರಿಗೆ ಗೊತ್ತು. ಅದೇ ಕೋಲಾರದ ವೆಂಕಟೇಶ ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ವ್ಯಾಯಾಮ ಗುರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವೂ ಅವರಿಗಿತ್ತು. ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. 1930ರಷ್ಟು ಹಿಂದೆಯೇ ಸ್ನಾಯು ಬೆಳೆಸುವುದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಒಂದು ಕೈಯಲ್ಲಿ ಕಬ್ಬಿಣದ ಬಾರ್‌ಬೆಲ್ಲು, ಇನ್ನೊಂದು ಕೈಯಲ್ಲಿ ಸೂರ್ಯನಮಸ್ಕಾರ ಮತ್ತು ಹಠಯೋಗ ಹಿಡಿದು, ಎರಡೂ ಒಂದೇ ಮನುಷ್ಯನಿಗೆ ಬೇಕು ಎಂದು ಸಾಧಿಸಿದರು. ಕೈಲಾಸಂ ಅವರ ಆಪ್ತ ಗೆಳೆಯ, ನಾಟಕದವರು, ಸಾಹಿತಿ, ಜೊತೆಗೆ ಇಂಥ ಮೈ. ಓದು ಬರಹದವರಿಗೆ ಮೈ ಯಾಕೆ ಎನ್ನುವ ಮಾತನ್ನು ನಮ್ಮ ನಾಡಿನಲ್ಲಿ ಅವರ ನಂತರ ಯಾರೂ ಆಡಬಾರದಿತ್ತು.

ಇತ್ತೀಚಿನವರನ್ನು ಕೇಳಿದರೆ ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಇದ್ದಾರೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ನಮ್ಮ ನಡುವೆ ಸಣ್ಣಗೆ ಇದ್ದಾನೆ ಎಂದು ಕರೆಸಿಕೊಳ್ಳುವ ಹುಡುಗನ ತೂಕವೇ ಅದು, 56 ಕೆಜಿ. ನಮ್ಮ ಮೂಳೆ ಸಣ್ಣದು, ನಮ್ಮಿಂದಾಗದು ಎನ್ನುವವರು ಈ ಅಂಕಿಯನ್ನು ನೋಡಬೇಕು.

ಸರಿ, ಮನೆಯಲ್ಲಿ ಏನು ಮಾಡುವುದು? ಜಿಮ್ಮಿಗೆ ಹೋಗಬಲ್ಲವರು ಹೋಗಿ, ಒಳ್ಳೆಯದೇ. ಹೋಗಲಾಗದವರಿಗೆ ನಾನು ಹೇಳುವುದು ಹಿಡಿ ಇರುವ ಒಂದು ನೀರಿನ ಕ್ಯಾನು. ಒಂದು ಲೀಟರ್ ನೀರು ಒಂದು ಕೆಜಿ. ಹಾಗಾಗಿ ಇಪ್ಪತ್ತು ಲೀಟರಿನ ಕ್ಯಾನು ನಮ್ಮ ಮನೆಯಲ್ಲೇ ಇರುವ, ಒಂದೊಂದೇ ಕೆಜಿ ಏರಿಸಬಹುದಾದ ಭಾರ. ಮೊದಲ ವಾರ ಎಂಟು ಲೀಟರ್ ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ. ಕ್ಯಾನು ಎರಡು ಪಾದಗಳ ನಡುವೆ, ಸ್ವಲ್ಪ ಮುಂದೆ ಇರಲಿ. ಪಾದಗಳ ನಡುವೆ ಸೊಂಟದಗಲ ಜಾಗ. ಬಗ್ಗಬೇಡಿ, ಸೊಂಟವನ್ನು ಹಿಂದಕ್ಕೆ ತಳ್ಳಿ, ಹಿಂದೆ ಯಾರೋ ಸ್ಟೂಲು ಇಟ್ಟಿದ್ದಾರೆ ಎಂಬಂತೆ. ಮಂಡಿ ತಾನಾಗಿ ಸ್ವಲ್ಪ ಮಡಿಯುತ್ತದೆ. ಬೆನ್ನು ನೇರ, ಎದೆ ಮುಂದೆ, ಕಣ್ಣು ನಾಲ್ಕಡಿ ದೂರದ ನೆಲದ ಮೇಲೆ. ಹಿಡಿಗೆ ಎರಡೂ ಕೈ ಹಾಕಿ, ಹಿಮ್ಮಡಿಯಿಂದ ನೆಲವನ್ನು ಒತ್ತಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ತೊಡೆಯ ಹಿಂಭಾಗ ಬಿಗಿಯಬೇಕು. ಸೊಂಟದ ಕೆಳಬೆನ್ನಿನಲ್ಲಿ ಎಳೆತ ಕಂಡರೆ ನೀವು ಬಗ್ಗಿದ್ದೀರಿ ಎಂದರ್ಥ. ಭಾರ ಇಳಿಸಿ, ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿಕೊಂಡು ಮತ್ತೆ ಮಾಡಿ. ಮೂಟೆ ಹೊರುವ ಹಮಾಲಿ ಅಣ್ಣಂದಿರು ಮೂಟೆಗೆ ಕೈ ಹಾಕುವ ಮುಂಚೆ ಕಾಲು ಸರಿಮಾಡಿಕೊಂಡು ನಿಲ್ಲುವುದನ್ನು ನೋಡಿ, ಈ ಪಾಠ ಅಲ್ಲೇ ಇದೆ.

ಇದು ಎತ್ತುವ ಕೆಲಸ. ಇದರ ಜೊತೆ ಕುರ್ಚಿಯ ಅಂಚಿಗೆ ಕೂತು ಏಳುವ ಬಸ್ಕಿ, ಕ್ಯಾನನ್ನು ಎದೆಗೆ ಅಪ್ಪಿಕೊಂಡರೆ ಅದೇ ಭಾರದ ಬಸ್ಕಿ. ತಳ್ಳುವುದಕ್ಕೆ ದಂಡ, ನೆಲದ ಮೇಲೆ ಆಗದಿದ್ದರೆ ಮೊದಲು ಗೋಡೆಗೆ, ಆಮೇಲೆ ಜಗಲಿಯ ಅಂಚಿಗೆ, ಕೊನೆಗೆ ನೆಲಕ್ಕೆ. ಎಳೆಯುವುದಕ್ಕೆ ಗಟ್ಟಿಯಾದ ಕಂಬಕ್ಕೆ ಒಂದು ದಪ್ಪ ಟವೆಲ್ ಸುತ್ತಿ, ಎರಡು ತುದಿ ಹಿಡಿದು ಹಿಂದಕ್ಕೆ ವಾಲಿ, ಎದೆಯನ್ನು ಕಂಬದ ಕಡೆ ಎಳೆದುಕೊಳ್ಳಿ. ಕೊನೆಗೆ ಎರಡು ಕೈಯಲ್ಲಿ ಎರಡು ಕ್ಯಾನು ಹಿಡಿದು ಅಂಗಳದಲ್ಲಿ ನೆಟ್ಟಗೆ ನಡೆಯಿರಿ. ಒಂದೊಂದನ್ನು ಎಂಟರಿಂದ ಹನ್ನೆರಡು ಸಲ, ಮೂರು ಸುತ್ತು. ಇನ್ನೆರಡು ಸಲ ಆಗುತ್ತಿತ್ತು ಎನ್ನುವಾಗಲೇ ನಿಲ್ಲಿಸಬೇಕು. ಹನ್ನೆರಡು ಸಲ ಸಲೀಸಾಗಿ ಆದ ದಿನ ಒಂದು ಲೀಟರ್ ನೀರು ಹೆಚ್ಚಿಸಿ. ನಿಜವಾದ ಗುಟ್ಟು ಈ ಹೆಚ್ಚಿಸುವುದರಲ್ಲಿದೆ. ವರ್ಷಗಟ್ಟಲೆ ಅದೇ ಎರಡು ಕೆಜಿ ಡಂಬೆಲ್ ಎತ್ತುವವರ ಸ್ನಾಯುವಿಗೆ ಬೆಳೆಯಲು ಕಾರಣವೇ ಇರುವುದಿಲ್ಲ. ವಾರಕ್ಕೆ ಮೂರು ದಿನ ಸಾಕು, ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳಿ. ಮಾಂಸ ಬೆಳೆಯುವುದು ಬಿಡುವಿನ ದಿನ, ನಿದ್ದೆಯಲ್ಲಿ.

ಹೆಂಗಸರಿಗೆ ಒಂದು ಮಾತು. ಭಾರ ಎತ್ತಿದರೆ ಗಂಡಸರ ತೋಳು ಬರುತ್ತದೆ ಎಂಬ ಹೆದರಿಕೆ ಬೇಡ. ಹೆಂಗಸರ ದೇಹದಲ್ಲಿ ಅದಕ್ಕೆ ಬೇಕಾದ ಹಾರ್ಮೋನು ತೀರಾ ಕಡಿಮೆ. ಬರುವುದು ಗಟ್ಟಿ ಮೂಳೆ, ನೋವಿಲ್ಲದ ಮಂಡಿ. ನಮ್ಮ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲದಲ್ಲಿ ಅಕ್ಕಂದಿರು ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂತು ಸುಲಿಯುತ್ತಾರೆ. ಬೆರಳು, ಮುಂಗೈ ಮಾತ್ರ ದುಡಿಯುತ್ತವೆ. ಸೊಂಟ, ತೊಡೆ, ಬೆನ್ನು ಕೂತಲ್ಲೇ ಕೂತಿರುತ್ತವೆ. ರಾತ್ರಿ ಮೈಕೈ ನೋವು ಬಂದಾಗ ದುಡಿದದ್ದು ಹೆಚ್ಚಾಯಿತು ಎನಿಸುತ್ತದೆ. ನಿಜವಾಗಿ ಒಂದು ಭಾಗಕ್ಕೆ ಅತಿ ಹೆಚ್ಚು, ಉಳಿದದ್ದಕ್ಕೆ ಏನೂ ಇಲ್ಲ. ಮನೆಕೆಲಸವೇ ವ್ಯಾಯಾಮ ಎಂದು ಹೆಂಗಸರಿಗೆ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಕೆಲಸ ದಣಿಸುತ್ತದೆ, ಬಲ ಕೊಡುವುದಿಲ್ಲ. ವಾರಕ್ಕೆ ಮೂರು ಸಲ ಅರ್ಧ ತಾಸು ಅವರಿಗೆ ಬಿಡುವು ಮಾಡಿಕೊಡುವುದು ಮನೆಯ ಗಂಡಸರ ಜವಾಬ್ದಾರಿ.

ನಿವೃತ್ತರಾದ ಕಾರ್ಖಾನೆಯ ಹಿರಿಯರು ಈ ಊರಿನಲ್ಲಿ ಬಹಳ. "ನಮಗಿನ್ನೇನು, ಕಾಲ ಆಯಿತು" ಎನ್ನುತ್ತಾರೆ. ಅಮೆರಿಕದ ಬೋಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 86ರಿಂದ 96 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಅದರ ವರದಿ ಬಂತು. ಕೊನೆಯವರೆಗೆ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು, ತೊಡೆಯ ಮಾಂಸ ಶೇ 9ರಷ್ಟು ಬೆಳೆದಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರಲ್ಲಿ ಬೆಳೆಯುವ ಮಾಂಸ ಅರವತ್ತೈದರಲ್ಲಿ ಬೆಳೆಯದೇ? ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಹಿರಿಯರನ್ನು ನಾವು ಎಷ್ಟು ಮನೆಗಳಲ್ಲಿ ನೋಡಿಲ್ಲ! ಬಚ್ಚಲಲ್ಲಿ ಕಾಲು ಜಾರಿದಾಗ ತಡೆದು ನಿಲ್ಲಿಸುವುದು ತೊಡೆಯ ಬಲ.

ಇನ್ನು ಊಟ. ಮಲೆನಾಡಿನ ಮನೆಗಳಲ್ಲಿ ಹುರುಳಿ ಬೇಯಿಸುವ ಒಂದು ಪದ್ಧತಿ ಇದೆ. ದೊಡ್ಡ ಪಾತ್ರೆಯಲ್ಲಿ ಹುರುಳಿ ಹಾಕಿ, ನೀರು ಕೆಂಪಗೆ ಗಟ್ಟಿಯಾಗುವವರೆಗೆ ಬೇಯಿಸುತ್ತಾರೆ. ಆಮೇಲೆ ಕಟ್ಟು ಬಸಿದುಕೊಳ್ಳುತ್ತಾರೆ. ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಹುಳಿ ಹಿಂಡಿ, ಕುದಿಸಿ ಕುದಿಸಿ ಸಾರು ಮಾಡುತ್ತಾರೆ. ಅದರ ರುಚಿಗೆ ಸಮನಾದದ್ದು ನನಗೆ ಗೊತ್ತಿಲ್ಲ. ಬೆಂದ ಕಾಳು ಎಲ್ಲಿ ಹೋಗುತ್ತದೆ? ಕೊಟ್ಟಿಗೆಗೆ. ಉಳುವ ಎತ್ತಿಗೆ ಬಲ ಬೇಕಲ್ಲ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅದರ ಬಹುಪಾಲು ಉಳಿಯುವುದು ಆ ಕಾಳಿನಲ್ಲೇ. ಎತ್ತಿನ ಪಾಲನ್ನು ಎತ್ತಿಗೆ ಕೊಟ್ಟು, ಎರಡು ಸೌಟು ಕಾಳು ನಮ್ಮ ತಟ್ಟೆಗೂ ಬರಲಿ, ಉಸುಲಿಯೋ ಪಲ್ಯವೋ ಆಗಿ. ತೊಗರಿಬೇಳೆಯ ಸಾರಿನದೂ ಇದೇ ಕಥೆ. ಬೇಳೆ ಪಾತ್ರೆಯ ತಳದಲ್ಲಿ, ತಿಳಿ ನಮ್ಮ ಅನ್ನದ ಮೇಲೆ. ಸಾರು ಬಡಿಸುವ ಸೌಟು ತಳ ಮುಟ್ಟಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಸಾಮಾನ್ಯ ಮನುಷ್ಯನಿಗೆ ಮೈತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಭಾರ ಎತ್ತಿ ಮೈ ಬೆಳೆಸುವವರಿಗೆ 1.2ರಿಂದ 1.6 ಗ್ರಾಂ. 65 ಕೆಜಿಯವರಿಗೆ ಇದು ಸುಮಾರು 80ರಿಂದ 100 ಗ್ರಾಂ. ಮಾಂಸ ತಿನ್ನದವರಿಗೆ ಇದು ಆಗದ ಮಾತು ಎನ್ನುವವರಿಗಾಗಿ ಒಂದು ದಿನದ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ 50 ಗ್ರಾಂ ಹೆಸರುಕಾಳಿನ ಮೊಳಕೆ, 12 ಗ್ರಾಂ. ಮಧ್ಯಾಹ್ನ ಗಟ್ಟಿ ತೊವ್ವೆಯಲ್ಲಿ 40 ಗ್ರಾಂ ತೊಗರಿಬೇಳೆ, 9 ಗ್ರಾಂ. ಒಂದು ದೊಡ್ಡ ಬಟ್ಟಲು ಮೊಸರು, 7 ಗ್ರಾಂ. ಸಂಜೆ ಒಂದು ಹಿಡಿ ಹುರಿದ ಶೇಂಗಾ, 7 ಗ್ರಾಂ. ರಾತ್ರಿ ಪಲ್ಯದಲ್ಲಿ 40 ಗ್ರಾಂ ಸೋಯಾ ಚಂಕ್ಸ್, 20 ಗ್ರಾಂ. ಒಂದು ಲೋಟ ಹಾಲು, 8 ಗ್ರಾಂ. ದಿನವಿಡೀ ತಿನ್ನುವ ಅಕ್ಕಿ ರಾಗಿಯಿಂದ 20 ಗ್ರಾಂ. ಒಟ್ಟು 83. ಮೊಟ್ಟೆ ತಿನ್ನುವವರಿಗೆ ಒಂದೊಂದು ಮೊಟ್ಟೆಗೆ 6 ಗ್ರಾಂ ಸೇರುತ್ತದೆ. ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ, ನಮ್ಮ ಕೆರೆಯ ಕಾಟ್ಲಾ ನೂರು ಗ್ರಾಮಿಗೆ ಹತ್ತಿರ ಹತ್ತಿರ 20 ಗ್ರಾಂ ಕೊಡುತ್ತವೆ. ಹುರಿಯಬೇಡಿ, ಸಾರು ಮಾಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಕಾಳು ಸೇರಿಸಿ ಅನ್ನ ಅಷ್ಟೇ ತಿಂದರೆ ಹೊಟ್ಟೆ ಇಳಿಯುವುದಿಲ್ಲ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ 300 ಕ್ಯಾಲೊರಿ ಕಡಿಮೆ ಮಾಡಿದರೆ ತಿಂಗಳಿಗೆ ಒಂದು ಕೆಜಿಗಿಂತ ತುಸು ಹೆಚ್ಚು ಇಳಿಯುತ್ತದೆ. ನಿಧಾನ ಎನ್ನಿಸಬಹುದು, ಆದರೆ ಮಾಂಸ ಉಳಿಯುವುದು ಈ ನಿಧಾನದಲ್ಲೇ. ಈ 300 ಎಲ್ಲಿಂದ ತೆಗೆಯುವುದು? ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಬರೀ ಸಕ್ಕರೆಯಿಂದ 160 ಕ್ಯಾಲೊರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು. ಮಧ್ಯಾಹ್ನ, ರಾತ್ರಿ ಅನ್ನದಲ್ಲಿ ಕಾಲು ಭಾಗ ಕಡಿಮೆ ಮಾಡಿ ಆ ಜಾಗಕ್ಕೆ ಸೊಪ್ಪು, ಹೀರೆಕಾಯಿ, ಬೀನ್ಸ್ ಪಲ್ಯ ಬಡಿಸಿಕೊಂಡರೆ ಉಳಿದರ್ಧ. ಸಂಜೆಯ ಮಂಡಕ್ಕಿಗೆ ನನ್ನ ವಿರೋಧವಿಲ್ಲ, ಅದು ಹಗುರ. ಜೊತೆಗೆ ಬರುವ ಮೆಣಸಿನಕಾಯಿ ಬಜ್ಜಿಯ ಎಣ್ಣೆಗೆ ವಿರೋಧ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಮದ್ಯದಲ್ಲಿನ ಆಲ್ಕೊಹಾಲಿಗೆ ಗ್ರಾಮಿಗೆ 7, ಅದರ ಜೊತೆಯ ಕರಿದ ತಿಂಡಿ ಬೇರೆ. ವಾರದಲ್ಲಿ ಐದು ಸಂಜೆ ಕುಡಿಯುತ್ತಾ ಹೊಟ್ಟೆ ಇಳಿಸುವ ದಾರಿ ಕೇಳುವವರಿಗೆ ಕೊಡಲು ನನ್ನ ಹತ್ತಿರ ದಾರಿಯಿಲ್ಲ.

ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿಯ ಬಗ್ಗೆ ಹುಡುಗರು ಕೇಳುತ್ತಾರೆ. ಅದು ಹಾಲಿನಿಂದ ತೆಗೆದ ಪ್ರೋಟೀನ್, ವಿಷವೂ ಅಲ್ಲ, ಅಮೃತವೂ ಅಲ್ಲ. ತಟ್ಟೆಯಿಂದ ಲೆಕ್ಕ ತುಂಬಿದರೆ ಬೇಕಾಗಿಯೇ ಇಲ್ಲ. ಆದರೆ ಬೇಗ ಮೈ ಬರಲಿ ಎಂದು ಯಾರಾದರೂ ಇಂಜೆಕ್ಷನ್ನೋ ಹೆಸರಿಲ್ಲದ ಮಾತ್ರೆಯೋ ಕೊಟ್ಟರೆ ದಯವಿಟ್ಟು ಮುಟ್ಟಬೇಡಿ. ಸ್ಟೆರಾಯ್ಡು ಹೃದಯ, ಯಕೃತ್ತು, ಸಂತಾನಶಕ್ತಿ ಮೂರನ್ನೂ ಕೆಡಿಸುತ್ತದೆ. ನಿಮ್ಮ ಮನೆಯ ಹುಡುಗ ಎರಡೇ ತಿಂಗಳಲ್ಲಿ ಗುರುತು ಸಿಗದಷ್ಟು ಊದಿದರೆ ಹೊಗಳಬೇಡಿ, ಕೂರಿಸಿಕೊಂಡು ಕೇಳಿ.

ಪ್ರಗತಿ ಅಳೆಯಲು ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಎಷ್ಟಿದೆ ನೋಡಿ. ಹೊಟ್ಟೆ ಒಳಗೆಳೆದುಕೊಳ್ಳಬಾರದು. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಮೀರಿದರೆ ಎಚ್ಚರಿಕೆಯ ಗಂಟೆ. ಹದಿನೈದು ದಿನಕ್ಕೊಮ್ಮೆ ಕ್ಯಾಲೆಂಡರಿನ ಮೇಲೆ ಸೊಂಟದ ಅಳತೆ, ಎತ್ತಿದ ಲೀಟರು, ಎರಡೂ ಬರೆಯಿರಿ. ತೂಕ ಅಷ್ಟೇ ಇದ್ದು ಸೊಂಟ ಇಳಿದು ಲೀಟರು ಏರಿದರೆ ಬೇಸರ ಬೇಡ. ಕೊಬ್ಬು ಹೋದ ಜಾಗಕ್ಕೆ ಮಾಂಸ ಬಂದಿದೆ. ಇಷ್ಟು ಹೊತ್ತು ಹೇಳಿದ್ದು ಇದನ್ನೇ.

ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇದ್ದವರು, ಹರ್ನಿಯಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ. ಭಾರ ಎತ್ತಲು ಶುರು ಮಾಡಿದ ಮೇಲೆ ಸಕ್ಕರೆ ಇಳಿಯಬಹುದು, ಔಷಧಿಯ ಅಳತೆ ಬದಲಾಗಬೇಕಾದೀತು. ಎತ್ತುವಾಗ ಉಸಿರು ಕಟ್ಟಬೇಡಿ. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ.

ಬಹಳ ಜನ ನಡುವೆ ಬಿಟ್ಟುಬಿಡುತ್ತಾರೆ, ಅದಕ್ಕೆ ಕಾರಣ ಸೋಮಾರಿತನವಲ್ಲ. ಭತ್ತದ ಕೊಯ್ಲು ಬರುತ್ತದೆ, ಅಡಿಕೆ ಸೀಸನ್ ಬರುತ್ತದೆ, ಮನೆಯಲ್ಲಿ ಮದುವೆ ಬರುತ್ತದೆ. ಮೂರು ವಾರ ತಪ್ಪಿತು, ಇನ್ನೇನು ಎಂದು ಕ್ಯಾನು ಮೂಲೆ ಸೇರುತ್ತದೆ. ಹಾಗಾಗಬೇಕಿಲ್ಲ. ಒಮ್ಮೆ ಬೆಳೆಸಿದ ಮಾಂಸ ಮೂರು ವಾರದಲ್ಲಿ ಕರಗಿ ಹೋಗುವುದಿಲ್ಲ, ಮತ್ತೆ ಹಿಡಿದರೆ ಮೊದಲಿಗಿಂತ ಬೇಗ ಮರಳುತ್ತದೆ. ಬಿಟ್ಟಲ್ಲಿಂದ ಹಿಡಿಯಬೇಡಿ, ಹದಿನಾರು ಲೀಟರಿನಲ್ಲಿ ಬಿಟ್ಟಿದ್ದರೆ ಹತ್ತರಿಂದ ಶುರು ಮಾಡಿ, ಎರಡು ವಾರದಲ್ಲಿ ಹಳೆಯ ಜಾಗಕ್ಕೆ ಬನ್ನಿ. ಸೀಸನ್ ಜೋರಾಗಿರುವ ವಾರಗಳಲ್ಲೂ ಒಂದು ದಿನ, ಒಂದೇ ಸುತ್ತು ಬಸ್ಕಿ, ಒಂದು ಸುತ್ತು ದಂಡ, ಒಂದು ಸುತ್ತು ಎತ್ತುವುದು ಮಾಡಿದರೆ ಇದ್ದದ್ದು ಉಳಿಯುತ್ತದೆ. ಹತ್ತು ನಿಮಿಷದ ಕೆಲಸ. ಸುಲಿಯಲು ಕೂರುವ ಮುಂಚೆ ಮುಗಿಸಿಬಿಡಿ, ರಾತ್ರಿಗೆ ಮುಂದೂಡಬೇಡಿ.